1689ಕ್ಕೆ ಊರಿಗೆ ಹೊರಟಿದ್ದವರು

ರೈಸ್‌ವೈಕ್‌ನಲ್ಲಿ ಮನೆ ಮಾಡಿರುವ ನಮ್ಮವರಿಗೆ ಇಲ್ಲಿನ ಕಾಡು ಗೊತ್ತು. ಕಾಡು ಅಂದ್ರೆ ನಮ್ಮ ಮಲೆನಾಡಿನ ಕಾಡಲ್ಲ, ಮಳೆ ಬಂದರೆ ಓಡಿ ರಸ್ತೆ ಸೇರಬಹುದಾದಷ್ಟು ದೊಡ್ಡ ಮರಗಳ ತೋಪು. ಅದರೊಳಗೆ ಚೂಪು ತುದಿಯ ಒಂದು ಕಲ್ಲಿನ ಕಂಬ ನಿಂತಿದೆ. ಇಲ್ಲಿಯವರು ಅದನ್ನು ‘ನಾಲ್ಡ್’ ಅಂತಾರೆ, ಅಂದರೆ ಸೂಜಿ. ಬೇಸಿಗೆಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಅದರ ಹತ್ತಿರ ಕೂತವರು ನಮ್ಮಲ್ಲಿ ಬೇಕಾದಷ್ಟು ಜನ ಇರಬಹುದು. ಆ ಕಂಬ ಯಾಕಿದೆ ಅಂತ ಕೇಳಿದವರು ಕಡಿಮೆ.

ಅಲ್ಲಿ ಒಂದು ಅರಮನೆ ಇತ್ತು. ಹಾಲೆಂಡಿನ ಸ್ಟಾಟ್‌ಹೌಡರ್ ಫ್ರೆಡರಿಕ್ ಹೆಂಡ್ರಿಕ್ 1630ರ ದಶಕದಲ್ಲಿ ಕಟ್ಟಿಸಿದ್ದು. 1697ರಲ್ಲಿ ಯುರೋಪಿನ ರಾಜರುಗಳ ಪ್ರತಿನಿಧಿಗಳು ಆ ಅರಮನೆಯಲ್ಲಿ ಕೂತು, ಒಂಬತ್ತು ವರ್ಷ ನಡೆದ ಯುದ್ಧವನ್ನು ನಿಲ್ಲಿಸಿದರು. ಚರಿತ್ರೆ ಪುಸ್ತಕದಲ್ಲಿ ಇದಕ್ಕೆ ರೈಸ್‌ವೈಕ್ ಒಪ್ಪಂದ ಅಂತ ಹೆಸರು. ನಮ್ಮ ಕಡೆಗೂ ಅದರ ಗಾಳಿ ಬೀಸಿದೆ: 1693ರಲ್ಲಿ ಡಚ್ಚರು ಫ್ರೆಂಚರಿಂದ ಕಿತ್ತುಕೊಂಡಿದ್ದ ಪುದುಚೇರಿ ಈ ಒಪ್ಪಂದದ ಪ್ರಕಾರವೇ ಫ್ರೆಂಚರಿಗೆ ವಾಪಸ್ ಹೋಯಿತು. ನೂರು ವರ್ಷ ಆಗುವಷ್ಟರಲ್ಲಿ ಅರಮನೆಯನ್ನು ಕೆಡವಿದರು. ಅದರ ನೆನಪಿಗೆ 1792ರಿಂದ 1794ರ ನಡುವೆ ಈ ಸೂಜಿ ಎದ್ದಿತು.

ರಾಜರ ಕತೆ ಅಷ್ಟಕ್ಕೇ ಇರಲಿ. ಆ ಒಪ್ಪಂದಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಇನ್ನೊಂದು ಗುಂಪು ಇತ್ತು. ಅವರು ಹೊರಗಿನಿಂದ ಬಂದು ಇಲ್ಲಿ ದುಡಿಯುತ್ತಿದ್ದವರು, ನಮ್ಮ ಹಾಗೆ. ಅವರ ಕೈಯಲ್ಲಿ ಒಂದು ಪುಸ್ತಕ ಇತ್ತು. ಲೋಕದ ಕಡೆಯ ದಿನಗಳ ಬಗ್ಗೆ ಬರೆದ ಪುಸ್ತಕ. ಅದರೊಳಗೆ ಅವರು ಊರಿಗೆ ಹೋಗುವ ವರ್ಷ ಇತ್ತು. ಆ ಪುಸ್ತಕ, ಅದನ್ನು ಓದಿದವರು, ಓದಿ ಅವರು ಏನೇನು ಮಾಡಿದರು ಅನ್ನೋದೇ ಈ ಲೇಖನದ ವಿಷಯ.

ಮೊದಲು ಅವರು ಯಾರು ಅಂತ ಹೇಳಿಬಿಡುತ್ತೇನೆ. ಫ್ರಾನ್ಸಿನ ಪ್ರೊಟೆಸ್ಟೆಂಟರು, ಹ್ಯೂಗೆನಾಟರು. ಕ್ಯಾಥೊಲಿಕ್ ದೇಶದಲ್ಲಿ ಅವರಿಗೆ ತಮ್ಮ ರೀತಿ ಪೂಜೆ ಮಾಡಿಕೊಂಡಿರಲು 1598ರ ನಾಂಟ್ ಶಾಸನ ಅವಕಾಶ ಕೊಟ್ಟಿತ್ತು. 14ನೇ ಲೂಯಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಬಂದ. 1681ರಿಂದ ಅವರ ಮನೆಗಳಿಗೆ ಸೈನಿಕರನ್ನು ನುಗ್ಗಿಸಿ, ಮತ ಬಿಡುವ ತನಕ ಅಲ್ಲೇ ತಿಂದುಂಡು ಕೂರುವಂತೆ ಮಾಡಿದ. ಕೊನೆಗೆ 1685ರ ಅಕ್ಟೋಬರ್‌ನಲ್ಲಿ ಶಾಸನವನ್ನೇ ರದ್ದು ಮಾಡಿದ. ಪಾದ್ರಿಗಳು ಹದಿನೈದು ದಿನದಲ್ಲಿ ದೇಶ ಬಿಡಬೇಕು. ಸಾಮಾನ್ಯ ಜನ ಬಿಡಕೂಡದು. ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟಿಗೆ ಕಟ್ಟಿಹಾಕುತ್ತಿದ್ದರು. ಆದರೂ ಓಡಿದರು. ಒಂದೂವರೆ ಲಕ್ಷದಿಂದ ಎರಡು ಲಕ್ಷ ಜನ ಅಂತ ಚರಿತ್ರೆಕಾರರ ಲೆಕ್ಕ. ವೈನ್ ಪೀಪಾಯಿಯೊಳಗೆ ಕೂತು ಬಂದವರಿದ್ದಾರೆ, ರಾತ್ರಿ ಗಡಿ ದಾಟಿ ಬಂದವರಿದ್ದಾರೆ. ಅದರಲ್ಲಿ ಹತ್ತಾರು ಸಾವಿರ ಮಂದಿ ಸೇರಿಕೊಂಡಿದ್ದು ಈ ಹಾಲೆಂಡಿನಲ್ಲಿ: ಆಮ್‌ಸ್ಟರ್‌ಡ್ಯಾಮ್, ಲೈಡನ್, ರಾಟರ್‌ಡ್ಯಾಮ್, ಹೇಗ್. ರೇಷ್ಮೆ ನೇಯುವವರು, ಟೋಪಿ ಮಾಡುವವರು, ಕಾಗದ ಮಾಡುವವರು, ಪುಸ್ತಕ ಅಚ್ಚು ಹಾಕುವವರು, ಸೈನ್ಯದ ಅಧಿಕಾರಿಗಳು. ಇಂಗ್ಲಿಷಿನ ‘ರೆಫ್ಯೂಜಿ’ ಅನ್ನೋ ಪದ ಬಳಕೆಗೆ ಬಂದಿದ್ದೇ ಇವರಿಂದ.

ಅವರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಅದು ನನಗೆ ಗೊತ್ತು. ನಾವು ಪರವಾನಗಿ ಪತ್ರ ಹಿಡಿದು ವಿಮಾನದಲ್ಲಿ ಬಂದವರು. ಯಾರೂ ನಮ್ಮ ಮನೆಗೆ ಸೈನಿಕರನ್ನು ಕಳಿಸಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಅವರನ್ನು ನಾವು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲೆವು. ಅವರಲ್ಲಿ ಬಹಳ ಮಂದಿ ಇಲ್ಲೇ ಇರೋದಕ್ಕೆ ಅಂತ ಬಂದವರಲ್ಲ. ಊರಲ್ಲಿ ಮನೆ ಇದೆ, ಹೊಲ ಇದೆ, ಮತ ಬಿಟ್ಟೋ ಬಿಟ್ಟ ಹಾಗೆ ನಟಿಸಿಯೋ ಉಳಿದುಕೊಂಡ ಅಣ್ಣತಮ್ಮಂದಿರಿದ್ದಾರೆ. ಇದೇನು ಹೆಚ್ಚು ದಿನ ನಡೆಯಲ್ಲ, ಇನ್ನೊಂದೆರಡು ವರ್ಷ, ಆಮೇಲೆ ಹೋಗೋದೇ. ಈ ‘ಇನ್ನೊಂದೆರಡು ವರ್ಷ’ ಅನ್ನೋ ಮಾತನ್ನು ನಮ್ಮ ಸಂಘದಲ್ಲಿ ಯಾರ ಬಾಯಲ್ಲಿ ಕೇಳಿಲ್ಲ ಹೇಳಿ? ಅವರು ಅದನ್ನು ಬಾಯಿಮಾತಿಗೆ ಹೇಳುತ್ತಿರಲಿಲ್ಲ. ಅವರ ಬಳಿ ಲೆಕ್ಕ ಇತ್ತು.

ಲೆಕ್ಕ ಹಾಕಿಕೊಟ್ಟವನು ಪಿಯೆರ್ ಜ್ಯೂರಿಯೂ. 1637ರಲ್ಲಿ ಹುಟ್ಟಿದವನು, ಸೆಡಾನ್ ಎಂಬ ಊರಿನ ಪ್ರೊಟೆಸ್ಟೆಂಟ್ ವಿದ್ಯಾಪೀಠದಲ್ಲಿ ಅಧ್ಯಾಪಕ. 1681ರಲ್ಲಿ ಲೂಯಿ ಆ ವಿದ್ಯಾಪೀಠವನ್ನು ಮುಚ್ಚಿಸಿದ ಮೇಲೆ ರಾಟರ್‌ಡ್ಯಾಮಿಗೆ ಬಂದು, ಅಲ್ಲಿನ ಫ್ರೆಂಚ್ ಚರ್ಚಿನಲ್ಲಿ ಪಾದ್ರಿಯೂ ಹೊಸ ವಿದ್ಯಾಲಯದಲ್ಲಿ ಅಧ್ಯಾಪಕನೂ ಆದ. 1686ರಲ್ಲಿ ಅವನು ‘ಭವಿಷ್ಯವಾಣಿಗಳ ನೆರವೇರಿಕೆ’ ಎಂದು ಅರ್ಥ ಬರುವ ಹೆಸರಿನ ಪುಸ್ತಕ ಬರೆದ. ಶಾಸನ ರದ್ದಾಗಿ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಮಾರನೇ ವರ್ಷವೇ ಅದು ಇಂಗ್ಲಿಷಿಗೂ ಹೋಯಿತು.

ಅವನ ಲೆಕ್ಕದ ರೀತಿ ಹೀಗೆ. ಬೈಬಲ್ಲಿನ ಕೊನೆಯ ಪುಸ್ತಕ ‘ಪ್ರಕಟನೆ’. ಅದರ ಹನ್ನೊಂದನೇ ಅಧ್ಯಾಯದಲ್ಲಿ ದೇವರ ಇಬ್ಬರು ಸಾಕ್ಷಿಗಳನ್ನು ಮೃಗವೊಂದು ಕೊಲ್ಲುತ್ತದೆ. ಅವರ ಹೆಣಗಳು ಮಹಾನಗರದ ಬೀದಿಯಲ್ಲಿ ಮೂರೂವರೆ ದಿನ ಬಿದ್ದಿರುತ್ತವೆ. ಆಮೇಲೆ ಅವರಿಗೆ ಮತ್ತೆ ಜೀವ ಬರುತ್ತದೆ. ಭೂಕಂಪವಾಗಿ ನಗರದ ಹತ್ತನೇ ಒಂದು ಭಾಗ ಬಿದ್ದುಹೋಗುತ್ತದೆ. ಪ್ರವಾದನೆಯ ಒಂದು ದಿನ ಅಂದರೆ ನಮ್ಮ ಒಂದು ವರ್ಷ, ಇದು ಇಂಥ ವ್ಯಾಖ್ಯಾನಕಾರರ ಹಳೇ ಸೂತ್ರ. ಜ್ಯೂರಿಯೂ ಹೇಳಿದ: ಮಹಾನಗರ ಅಂದರೆ ಪೋಪನ ಸಾಮ್ರಾಜ್ಯ, ಅದರ ಬೀದಿ ಫ್ರಾನ್ಸ್, ಸಾಕ್ಷಿಗಳು ಅಂದರೆ ನಾವು. ಸಾಕ್ಷಿಗಳ ಕೊಲೆ 1685ರ ಅಕ್ಟೋಬರ್. ಅದಕ್ಕೆ ಮೂರೂವರೆ ವರ್ಷ ಕೂಡಿಸಿ. 1689ರ ಏಪ್ರಿಲ್ ಹೊತ್ತಿಗೆ ಬಿಡುಗಡೆ. ಪೋಪನ ಆಳ್ವಿಕೆ ಪೂರ್ತಿ ಮುಗಿಯುವುದು ಇನ್ನೂ ಸ್ವಲ್ಪ ತಡ, 1710ರಿಂದ 1715ರೊಳಗೆ.

ಲೆಕ್ಕ ಎಷ್ಟು ಸುಲಭ ನೋಡಿ. ಮಗ್ಗದ ಮುಂದೆ ಕೂತವನೂ ಬೆರಳಲ್ಲಿ ಎಣಿಸಬಹುದು. ಅವನ ಪುಸ್ತಕದ ಶಕ್ತಿ ಇದ್ದಿದ್ದು ಅಲ್ಲಿ ಅಂತ ನನ್ನ ಅನಿಸಿಕೆ. ಪ್ರಕಟನೆಯ ವ್ಯಾಖ್ಯಾನಗಳು ಅವನಿಗೆ ಮೊದಲೂ ನೂರಾರು ಇದ್ದವು. ಮೃಗ, ಕೊಂಬು, ಮುದ್ರೆ ಅಂತ ಪಂಡಿತರು ತಮ್ಮ ತಮ್ಮಲ್ಲೇ ಜಗಳವಾಡಿಕೊಳ್ಳುವ ಗ್ರಂಥಗಳು. ಇವನು ಲೋಕದ ಅಂತ್ಯವನ್ನು ಓದುಗನ ಮನೆಬಾಗಿಲ ಕೀಲಿಗೆ ಜೋಡಿಸಿಬಿಟ್ಟ. ಅವರು ಆ ಪುಸ್ತಕದಲ್ಲಿ ಹುಡುಕಿದ್ದು ಲೋಕ ಯಾವಾಗ ಮುಗಿಯುತ್ತೆ ಅಂತಲ್ಲ, ನಾವು ಯಾವಾಗ ಹೋಗ್ತೀವಿ ಅಂತ.

ಓದಿದವರು ಏನು ಮಾಡಿದರು?

ಜ್ಯೂರಿಯೂ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1686ರಿಂದ 1689ರ ತನಕ ಹದಿನೈದು ದಿನಕ್ಕೊಂದರಂತೆ ಕಾಗದಗಳನ್ನು ಅಚ್ಚು ಹಾಕಿಸಿ ಕಳ್ಳದಾರಿಯಲ್ಲಿ ಫ್ರಾನ್ಸಿಗೆ ಕಳಿಸುತ್ತಿದ್ದ. ಅಲ್ಲಿ ಉಳಿದವರು ರಾತ್ರಿ ಬಾಗಿಲು ಹಾಕಿಕೊಂಡು ಓದಿಸಿ ಕೇಳುತ್ತಿದ್ದರು. ಓದು ಬಾರದವರ ಮಾತಂತೂ ಇನ್ನೂ ವಿಚಿತ್ರ. 1688ರ ಫೆಬ್ರುವರಿಯಲ್ಲಿ ದಕ್ಷಿಣ ಫ್ರಾನ್ಸಿನ ದೋಫಿನೆ ಪ್ರಾಂತದಲ್ಲಿ ಇಸಬೋ ವಿನ್ಸೆಂಟ್ ಎಂಬ ಕುರಿ ಕಾಯುವ ಹುಡುಗಿ ನಿದ್ದೆಯಲ್ಲಿ ಉಪದೇಶ ಮಾಡಲು ಶುರು ಮಾಡಿದಳು. ಪಶ್ಚಾತ್ತಾಪ ಪಡಿ, ಬಿಡುಗಡೆ ಹತ್ತಿರ ಬಂತು ಅಂತ. ಅವಳಿಗೆ ಓದು ಬರುತ್ತಿರಲಿಲ್ಲ. ಜೂನ್‌ನಲ್ಲಿ ಅವಳನ್ನು ಹಿಡಿದು ಸೆರೆಗೆ ಹಾಕಿದರು. ಅಷ್ಟರಲ್ಲಿ ಅವಳಂಥ ಹತ್ತಾರು ಹುಡುಗ ಹುಡುಗಿಯರು ಎದ್ದಿದ್ದರು. ಜ್ಯೂರಿಯೂ ಅವಳ ಪರವಾಗಿ ಬರೆದ. ಪುಸ್ತಕ ಹುಡುಗಿಗೆ ಸಾಕ್ಷಿ, ಹುಡುಗಿ ಪುಸ್ತಕಕ್ಕೆ ಸಾಕ್ಷಿ. ಒಂದು ಬರಹ ಓದುಗರ ಕೈಸೇರಿದ ಮೇಲೆ ಬರೆದವನ ಹಿಡಿತದಲ್ಲಿ ಇರೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ಬಂದದ್ದು 1688ರ ನವೆಂಬರ್. ಹಾಲೆಂಡಿನ ಸ್ಟಾಟ್‌ಹೌಡರ್ 3ನೇ ವಿಲಿಯಂ ಇಲ್ಲಿಂದ ಹಡಗುಗಳನ್ನು ತೆಗೆದುಕೊಂಡು ಹೋಗಿ ಇಂಗ್ಲೆಂಡಿನಲ್ಲಿ ಇಳಿದ. ಕ್ಯಾಥೊಲಿಕ್ ದೊರೆ 2ನೇ ಜೇಮ್ಸ್ ಫ್ರಾನ್ಸಿಗೆ ಓಡಿದ. ವಿಲಿಯಂ ಮತ್ತು ಅವನ ಹೆಂಡತಿ ಮೇರಿ ಇಂಗ್ಲೆಂಡಿನ ಗಾದಿಗೆ ಬಂದರು. ಪಟ್ಟಾಭಿಷೇಕ ಆಗಿದ್ದು ಯಾವಾಗ ಗೊತ್ತಾ? 1689ರ ಏಪ್ರಿಲ್ 11. ರಾಟರ್‌ಡ್ಯಾಮಿನ ಫ್ರೆಂಚ್ ಮನೆಗಳಲ್ಲಿ ಆ ತಿಂಗಳು ಹೇಗೆ ಕಳೆದಿರಬಹುದು ಅಂತ ಊಹಿಸಿಕೊಳ್ಳಿ. ಫ್ರಾನ್ಸಿನ ಬಾಗಿಲು ತೆರೆದಿರಲಿಲ್ಲ, ನಿಜ. ಆದರೆ ಹೇಳಿದ ತಿಂಗಳಲ್ಲೇ ಏನೋ ದೊಡ್ಡದು ಆಗಿತ್ತಲ್ಲ! ನಂಬುವವರಿಗೆ ಇನ್ನೇನು ಬೇಕು. ಹ್ಯೂಗೆನಾಟ್ ಅಧಿಕಾರಿಗಳು ವಿಲಿಯಂನ ಸೈನ್ಯದಲ್ಲಿ ಸೇರಿ ಹೋರಾಡಿದರು. ಅವರ ಮಟ್ಟಿಗೆ ಆ ಯುದ್ಧ ಊರಿನ ದಾರಿ.

ಕೆಲವರು ನಿಜವಾಗಿಯೂ ನಡೆದೇ ಹೋದರು. ಇವರು ಹ್ಯೂಗೆನಾಟರಲ್ಲ, ಅವರ ನೆರೆಯ ವಾಲ್ಡೆನ್ಸಿಯನ್ನರು. ಸವೋಯ್ ದೊರೆಯಿಂದ ಓಡಿಸಲ್ಪಟ್ಟು ಸ್ವಿಟ್ಜರ್ಲೆಂಡ್ ಸೇರಿದ್ದ ಬೆಟ್ಟದ ಜನ. 1689ರ ಆಗಸ್ಟ್‌ನಲ್ಲಿ ಆನ್ರಿ ಆರ್ನೋ ಎಂಬ ಪಾದ್ರಿಯ ಜೊತೆ ಸುಮಾರು ಸಾವಿರ ಮಂದಿ ಜಿನೀವಾ ಸರೋವರ ದಾಟಿ, ಆಲ್ಪ್ಸ್ ಬೆಟ್ಟ ಹತ್ತಿಳಿದು, ತಮ್ಮ ಕಣಿವೆಗೆ ನುಗ್ಗಿದರು. ಜ್ಯೂರಿಯೂನ ಲೆಕ್ಕ ಅವರ ಧೈರ್ಯಕ್ಕೂ ಕಾರಣವಾಗಿತ್ತು ಅಂತ ಚರಿತ್ರೆಕಾರರು ಹೇಳುತ್ತಾರೆ. ದಾರಿಯಲ್ಲಿ, ಚಳಿಗಾಲದ ಮುತ್ತಿಗೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಜನ ಇಲ್ಲವಾದರು. 1690ರಲ್ಲಿ ಸವೋಯ್ ದೊರೆ ಲೂಯಿಯ ಪಕ್ಷ ಬಿಟ್ಟು ಈ ಕಡೆ ಬಂದದ್ದರಿಂದ ಉಳಿದವರು ಊರಲ್ಲಿ ಉಳಿದರು. ಪುಸ್ತಕ ಓದಿ ಮನೆಗೆ ಹೋದವರು ಅಂತ ಇದ್ದರೆ ಇವರೇ.

ನಂಬದವರೂ ಇದ್ದರು. ಫ್ರಾನ್ಸಿನ ದೊಡ್ಡ ಬಿಷಪ್ ಬೊಸುಯೆ 1689ರಲ್ಲೇ ಪ್ರಕಟನೆಗೆ ತನ್ನದೇ ವ್ಯಾಖ್ಯಾನ ಬರೆದು, ಅದೆಲ್ಲ ಹಳೇ ರೋಮಿನ ಕಾಲಕ್ಕೇ ಮುಗಿದ ಕತೆ ಅಂದ. ಅವನು ಎದುರು ಪಕ್ಷದವನು, ಹಾಗೆ ಅನ್ನಲೇಬೇಕು. ಹೆಚ್ಚು ನೋವಾಗುವ ವಿರೋಧ ಬಂದದ್ದು ಪಕ್ಕದ ಮನೆಯಿಂದ. ಪಿಯೆರ್ ಬೇಲ್ ಕೂಡ ಸೆಡಾನ್‌ನಿಂದ ಬಂದವನೇ, ಅದೇ ರಾಟರ್‌ಡ್ಯಾಮ್ ವಿದ್ಯಾಲಯದಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದ. ಒಂದು ಕಾಲಕ್ಕೆ ಇಬ್ಬರೂ ಗೆಳೆಯರು. ಧೂಮಕೇತು ಕಂಡರೆ ಕೇಡು ಬರುತ್ತೆ ಅನ್ನೋ ನಂಬಿಕೆಯನ್ನು ಬಿಡಿಸಿ ಬಿಡಿಸಿ ತೋರಿಸಿದ ಪುಸ್ತಕ ಅವನದು. 1690ರಲ್ಲಿ ನಿರಾಶ್ರಿತರಿಗೆ ಬುದ್ಧಿ ಹೇಳುವ ಒಂದು ಪುಸ್ತಕ ಹೆಸರಿಲ್ಲದೆ ಹೊರಬಂತು. 1689 ಬಂದು ಹೋಯಿತಲ್ಲ, ನಿಮ್ಮ ಬಿಡುಗಡೆ ಎಲ್ಲಿ ಅಂತ ಅದರ ಚುಚ್ಚುಮಾತು. ರಾಜನ ಮೇಲೆ ಕತ್ತಿ ಮಸೆಯುವ, ದ್ವೇಷದ ಬರಹ ಹರಡುವ ಚಾಳಿ ಬಿಡಿ ಅಂತ ಉಪದೇಶ. ಇದು ಬೇಲ್‌ನ ಕೆಲಸವೇ ಅಂತ ಜ್ಯೂರಿಯೂ ಕೂಗೆಬ್ಬಿಸಿದ. ಬೇಲ್ ಒಪ್ಪಿಕೊಳ್ಳಲಿಲ್ಲ, ಅವನದೇ ಇರಬೇಕು ಅಂತ ಇವತ್ತಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಜಗಳ ಬೀದಿಗೆ ಬಂತು. 1693ರಲ್ಲಿ ನಗರಸಭೆ ಬೇಲ್‌ನನ್ನು ಕೆಲಸದಿಂದ ತೆಗೆಯಿತು.

ಬೇಲ್ ತಣ್ಣನೆ ಮನುಷ್ಯ, ಅವನಿಗೆ ತನ್ನವರ ಕಷ್ಟ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಅವನು ಬರೆದ ಪುಸ್ತಕವೊಂದರ ಸಿಟ್ಟಿಗೆ ಫ್ರಾನ್ಸಿನಲ್ಲಿ ಅವನ ಅಣ್ಣ ಜಾಕೋಬನನ್ನು ಹಿಡಿದರು; ಪಾದ್ರಿಯಾಗಿದ್ದ ಆ ಅಣ್ಣ 1685ರ ನವೆಂಬರ್‌ನಲ್ಲಿ ಬೋರ್ಡೋ ಊರಿನ ಸೆರೆಯಲ್ಲಿ ಸತ್ತ. ಅಂಥವನು ಲೆಕ್ಕ ನಂಬಬೇಡಿ ಅಂದ. ವಾದ ಅಂತ ನೋಡಿದರೆ ನಾನು ಬೇಲ್ ಪಕ್ಷ. ಆದರೆ ಆ ಹೊತ್ತಿನಲ್ಲಿ ಲೈಡನ್ನಿನ ಒದ್ದೆ ನೆಲಮಾಳಿಗೆಯಲ್ಲಿ ನೇಯ್ಗೆ ಮಾಡುತ್ತಿದ್ದವನಾಗಿದ್ದರೆ ಯಾರ ಪುಸ್ತಕ ಓದುತ್ತಿದ್ದೆ ಅಂತ ಕೇಳಿದರೆ, ಉತ್ತರ ಅಷ್ಟು ಬೇಗ ಹೊರಡಲ್ಲ.

ಹೀಗೆ ವರ್ಷಗಳು ಉರುಳಿ 1697 ಬಂತು. ಮೇ ತಿಂಗಳಲ್ಲಿ ರೈಸ್‌ವೈಕ್ ಅರಮನೆಯಲ್ಲಿ ಮಾತುಕತೆ ಶುರು. ಫ್ರೆಂಚ್ ರಾಯಭಾರಿಗಳು ಡೆಲ್ಫ್ಟ್‌ನಲ್ಲಿ ಬಿಡಾರ ಮಾಡಿದರು, ಎದುರಾಳಿಗಳು ಹೇಗ್‌ನಲ್ಲಿ. ರೈಸ್‌ವೈಕ್ ಎರಡಕ್ಕೂ ನಡುವೆ. ಈಗ ನಾವು ಟ್ರಾಮಿನಲ್ಲಿ ಓಡಾಡುವ ದಾರಿಯಲ್ಲೇ ಆಗ ಸಾರೋಟುಗಳು ಬಂದು ಹೋಗುತ್ತಿದ್ದವು. ಅರಮನೆಯ ವಿನ್ಯಾಸವೂ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು: ಎರಡು ಪಕ್ಕಗಳಲ್ಲಿ ಎರಡು ಭಾಗ, ನಡುವೆ ಮಧ್ಯಸ್ಥಗಾರರಾದ ಸ್ವೀಡನ್ನಿನವರ ಕೋಣೆ. ಯಾರು ಮೊದಲು ಒಳಗೆ ಕಾಲಿಡಬೇಕು ಅನ್ನೋ ಜಗಳ ಬರದಂತೆ ಬೇರೆ ಬೇರೆ ಬಾಗಿಲು. ನಮ್ಮ ಕಡೆ ಮದುವೆಮನೆಯಲ್ಲಿ ಬೀಗರನ್ನು ಸಂಭಾಳಿಸುವ ಹಾಗೆ ಎಲ್ಲಾ ಅಚ್ಚುಕಟ್ಟು.

ನಿರಾಶ್ರಿತರಿಗೆ ಇದೇ ಕೊನೆಯ ಗಳಿಗೆ. ವಿಲಿಯಂ ಗೆದ್ದಿದ್ದಾನೆ, ಅವನ ಸೈನ್ಯದಲ್ಲಿ ನಮ್ಮ ಹುಡುಗರು ಸತ್ತಿದ್ದಾರೆ, ಒಪ್ಪಂದದಲ್ಲಿ ನಮಗೆ ಒಂದು ಸಾಲು ಇದ್ದೇ ಇರುತ್ತೆ ಅಂತ ಅವರ ನಿರೀಕ್ಷೆ. ಮನವಿಗಳನ್ನು ಬರೆದರು. ಪ್ರೊಟೆಸ್ಟೆಂಟ್ ರಾಜ್ಯಗಳ ರಾಯಭಾರಿಗಳೂ ಅವರ ಪರವಾಗಿ ಫ್ರೆಂಚರಿಗೆ ಒಂದು ಮನವಿ ಕೊಟ್ಟರು. ಸೆಪ್ಟೆಂಬರ್ 20ರಂದು ಇಂಗ್ಲೆಂಡ್, ಹಾಲೆಂಡ್, ಸ್ಪೇನ್ ಜೊತೆ ಸಹಿ ಆಯಿತು. ವಿಲಿಯಂನನ್ನು ರಾಜ ಅಂತ ಲೂಯಿ ಒಪ್ಪಿಕೊಂಡ. ಪುದುಚೇರಿಗೆ ಜಾಗ ಸಿಕ್ಕಿತು, ಕೋಟೆಗಳಿಗೆ ಜಾಗ ಸಿಕ್ಕಿತು, ವ್ಯಾಪಾರದ ಸುಂಕಕ್ಕೂ ಸಿಕ್ಕಿತು. ಹ್ಯೂಗೆನಾಟರು ಫ್ರಾನ್ಸಿಗೆ ಮರಳುವ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಪ್ರಜೆಗಳ ವಿಷಯ ನನ್ನ ಮನೆಯ ವಿಷಯ ಅನ್ನೋದು ಲೂಯಿಯ ಪಟ್ಟು. ಅದಕ್ಕಾಗಿ ಯುದ್ಧ ಮುಂದುವರಿಸುವಷ್ಟು ಹಣ ವಿಲಿಯಂ ಬಳಿ ಇರಲಿಲ್ಲ. ಮುಂದಿನ ತಿಂಗಳು ಜರ್ಮನ್ ಚಕ್ರವರ್ತಿಯ ಜೊತೆ ಸಹಿ ಮಾಡುವಾಗ ಇನ್ನೊಂದು ಪೆಟ್ಟು: ಫ್ರೆಂಚರು ಬಿಟ್ಟುಕೊಡುವ ಊರುಗಳಲ್ಲಿ ಅವರು ತಂದಿಟ್ಟ ಕ್ಯಾಥೊಲಿಕ್ ಪೂಜೆ ಹಾಗೇ ಉಳಿಯಬೇಕು ಅಂತ ಒಂದು ಕಲಂ ಸೇರಿಕೊಂಡಿತು. ಜರ್ಮನ್ ಪ್ರೊಟೆಸ್ಟೆಂಟರು ಬಹಳ ವರ್ಷ ಅದನ್ನು ‘ರೈಸ್‌ವೈಕ್ ಕಲಂ’ ಅಂತ ಶಪಿಸಿದರು. ನಡೆದು ಊರು ಸೇರಿದ್ದ ವಾಲ್ಡೆನ್ಸಿಯನ್ನರಿಗೂ ಏಟು ಬಿತ್ತು. 1698ರಲ್ಲಿ ಸವೋಯ್ ದೊರೆ ಅವರ ನಡುವಿನ ಫ್ರೆಂಚ್ ನೆಲದಲ್ಲಿ ಹುಟ್ಟಿದ ಸುಮಾರು ಮೂರು ಸಾವಿರ ಮಂದಿಯನ್ನು ಹೊರಹಾಕಿದ. ಅದರಲ್ಲಿ ಅವರನ್ನು ಕರೆತಂದಿದ್ದ ಆರ್ನೋ ಕೂಡ ಒಬ್ಬ. ಜರ್ಮನಿಯ ವುರ್ಟೆಂಬೆರ್ಗ್ ಅವರಿಗೆ ಜಾಗ ಕೊಟ್ಟಿತು.

ಜ್ಯೂರಿಯೂ ಸೋತೆ ಅನ್ನಲಿಲ್ಲ. 1689 ಅಲ್ಲದಿದ್ದರೆ ಇನ್ನೊಂದು, ಹೇಗೂ 1710–15ರ ದೊಡ್ಡ ಗಡುವು ಇದೆಯಲ್ಲ. 1713ರ ಜನವರಿಯಲ್ಲಿ, ಆ ಗಡುವಿನ ಒಳಗೇ, ರಾಟರ್‌ಡ್ಯಾಮಿನಲ್ಲಿ ತೀರಿಕೊಂಡ. ಆದರೆ ಪುಸ್ತಕ ತೀರಿಕೊಳ್ಳಲಿಲ್ಲ. 1789ರಲ್ಲಿ ಫ್ರೆಂಚ್ ಕ್ರಾಂತಿ ಆಯಿತು ನೋಡಿ, ನಗರದ ಹತ್ತನೇ ಒಂದು ಭಾಗ ಬೀಳುತ್ತೆ, ಅದು ಫ್ರಾನ್ಸ್ ಅಂತ ನೂರು ವರ್ಷದ ಹಿಂದೆಯೇ ಹೇಳಿದ್ದ ಅಂತ ಇಂಗ್ಲೆಂಡಿನಲ್ಲಿ ಅವನ ಪುಟಗಳನ್ನು ಮತ್ತೆ ಅಚ್ಚು ಹಾಕಿದರು. ಹೊಸ ಓದುಗರಿಗೆ 1689 ಬೇಕಾಗಿರಲಿಲ್ಲ, ಆ ಪುಟವನ್ನು ದಾಟಿಸಿ ಓದಿಕೊಂಡರು.

ನಮ್ಮ ಕಾಲಜ್ಞಾನ ಓದುವ ರೀತಿಯೂ ಹೀಗೇ ಅಲ್ಲವೇ? ಕೈವಾರ ತಾತಯ್ಯನವರು ಹೇಳಿದ್ದರು, ವೀರಬ್ರಹ್ಮೇಂದ್ರರು ಹೇಳಿದ್ದರು ಅಂತ ಪ್ರತಿ ಬರ, ಪ್ರತಿ ಪ್ರವಾಹ, ಪ್ರತಿ ಚುನಾವಣೆ ಆದ ಮೇಲೆ ನೆನಪಾಗುತ್ತದೆ. ಆಗುವ ಮೊದಲು ನೆನಪಾಗಿದ್ದು ನಾನು ಕಂಡಿಲ್ಲ. ತಾರೀಖು ಇಟ್ಟು ಹೆದರಿದ್ದು ಅಂದರೆ 1962ರ ಫೆಬ್ರುವರಿಯ ಅಷ್ಟಗ್ರಹ ಕೂಟ. ನಮ್ಮ ಅಜ್ಜಂದಿರ ಕಾಲದ ಜನ ಹೋಮ ಮಾಡಿಸಿ, ಭಜನೆ ಮಾಡಿ, ಮಾರನೇ ದಿನ ಎದ್ದು ಹಾಲು ಕರೆದರು.

ಆದರೆ ನಮ್ಮ ಕಾಲಜ್ಞಾನವೂ ಕ್ರೈಸ್ತರ ಕಡೆಗಾಲದ ಲೆಕ್ಕವೂ ಒಂದು ಸಲ ಮುಖಾಮುಖಿ ಆಗಿದ್ದವು, ಅದೂ ಹುಬ್ಬಳ್ಳಿ ಸೀಮೆಯಲ್ಲಿ. ವಾಲ್ಡೆನ್ಸಿಯನ್ನರಿಗೆ ಜಾಗ ಕೊಟ್ಟ ವುರ್ಟೆಂಬೆರ್ಗ್ ಇದೆಯಲ್ಲ, ಅಲ್ಲೂ ಒಬ್ಬ ಲೆಕ್ಕಿಗ ಇದ್ದ: ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ದೊಡ್ಡ ಬೈಬಲ್ ಪಂಡಿತ, 1752ರಲ್ಲಿ ತೀರಿಕೊಂಡ. ಅವನ ಪ್ರಕಾರ ಮೃಗದ ಕಾಲ ಮುಗಿಯುವುದು 1836ರಲ್ಲಿ. ಆ ನಾಡಿನ ಭಕ್ತರ ಮನೆಗಳಲ್ಲಿ ಮೂರು ತಲೆಮಾರು ಈ ವರ್ಷವನ್ನು ಕಾಯುತ್ತಾ ಬೆಳೆದವು. ಬಾಸೆಲ್ ಮಿಷನ್ನಿಗೆ ಜನ ಹೆಚ್ಚಾಗಿ ಬಂದದ್ದು ಇಂಥ ಮನೆಗಳಿಂದಲೇ. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮುಂದೆ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಅವರು ವುರ್ಟೆಂಬೆರ್ಗಿನವರೇ. ಅವರು ಮಂಗಳೂರಿಗೆ ಬಂದದ್ದು ಅದೇ 1836ರಲ್ಲಿ. ಬೆಂಗೆಲ್ ಹೇಳಿದ್ದು ಆ ವರ್ಷ ಆಗಲಿಲ್ಲ. ಮಿಷನ್ನಿನ ಕೆಲಸ ಮಾತ್ರ ಮುಂದುವರಿಯಿತು: 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ.

ಹುಬ್ಬಳ್ಳಿಗೆ ಅವರನ್ನು ಹುಡುಕಿಕೊಂಡು ಕಾಲಜ್ಞಾನಿಗಳು ಬಂದರು. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯ ಜನ. ಈ ಪರಂಪರೆಗೆ ತನ್ನದೇ ಕಾಲಜ್ಞಾನದ ಹೊತ್ತಗೆಗಳು, ಅವನ್ನು ಬರೆಯಲು ‘ಅಮರಗನ್ನಡ’ ಎಂಬ ಗುಟ್ಟಿನ ಲಿಪಿ. ಪಡುವಣದಿಂದ ಗುರುಗಳು ಬಂದು ನಿಜವಾದ ಮತ ಹೇಳುತ್ತಾರೆ ಅಂತ ನಮ್ಮ ಹೊತ್ತಗೆಗಳಲ್ಲಿದೆ, ಅದು ನೀವೇ ಇರಬೇಕು ಅಂದರು. ಮಿಷನ್ನಿನವರಿಗೆ ಆದ ಸಂತೋಷ ಎಷ್ಟಿರಬೇಡ! ಸಾವಿರಾರು ಜನ ಒಟ್ಟಿಗೆ ಬರುತ್ತಾರೆ ಅಂತ ಆಸೆ ಹುಟ್ಟಿತು. ಬಂದವರಿಗೆ ನೆಲ ಇರಲಿ ಅಂತ ಗದಗಿನ ಹತ್ತಿರ ಮಲಸಮುದ್ರದಲ್ಲಿ ಒಂದು ಬೇಸಾಯದ ನೆಲೆಯನ್ನೂ ಮಾಡಿದರು. ಆ ಸಾವಿರಾರು ಜನ ಬರಲಿಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದ ಬದಲಾವಣೆಯೇ ಬೇರೆ, ಮಿಷನ್ನಿನವರು ಕೊಡಬಂದದ್ದೇ ಬೇರೆ. ಎರಡೂ ಕಡೆಯವರು ತಮ್ಮ ತಮ್ಮ ಹೊತ್ತಗೆಯಲ್ಲಿ ಎದುರಿನವರನ್ನು ಓದಿಕೊಂಡಿದ್ದರು, ಅಷ್ಟೆ.

ಈ ಪೆಟ್ಟುಗಳಿಂದ ಕಡೆಗಾಲದ ಬರಹಗಾರರು ಒಂದು ಪಾಠ ಕಲಿತ ಹಾಗೆ ಕಾಣುತ್ತದೆ. 1988ರಲ್ಲಿ ಅಮೆರಿಕದ ಎಡ್ಗರ್ ವಿಸೆನಂಟ್ ಎಂಬಾತ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಕ್ತರೆಲ್ಲ ಮೇಲಕ್ಕೆ ಎತ್ತಲ್ಪಡುತ್ತಾರೆ ಅಂತ 88 ಕಾರಣ ಕೊಟ್ಟು ಕೈಪುಸ್ತಕ ತಂದ. ಲಕ್ಷಗಟ್ಟಲೆ ಹಂಚಿಹೋಯಿತು, ಅಕ್ಟೋಬರಿಗೆ ರದ್ದಿ. ಅದಾಗಿ ಏಳು ವರ್ಷಕ್ಕೆ, 1995ರಲ್ಲಿ, ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಅದೇ ವಿಷಯವನ್ನು ಕಾದಂಬರಿ ಮಾಡಿದರು: ‘ಲೆಫ್ಟ್ ಬಿಹೈಂಡ್’, ಅಂದರೆ ಹಿಂದೆ ಉಳಿದುಹೋದವರು. ಲಂಡನ್ನಿಗೆ ಹಾರುತ್ತಿರುವ ವಿಮಾನದಲ್ಲಿ ಕೆಲವು ಪ್ರಯಾಣಿಕರು ಕೂತಲ್ಲೇ ಮಾಯ, ಸೀಟಿನ ಮೇಲೆ ಬರೀ ಬಟ್ಟೆ. ಹದಿನಾರು ಸಂಪುಟ, ಆರು ಕೋಟಿಗೂ ಹೆಚ್ಚು ಪ್ರತಿ. ಕಾದಂಬರಿಯಲ್ಲಿ ತಾರೀಖು ಇಲ್ಲ! ತಾರೀಖು ಇಲ್ಲದ ಮೇಲೆ ಅದು ಸುಳ್ಳಾಗುವುದೂ ಇಲ್ಲ. ಜ್ಯೂರಿಯೂಗೆ ಈ ಉಪಾಯ ಹೊಳೆಯಲಿಲ್ಲ, ಅಥವಾ ಅವನ ಓದುಗರು ಅದನ್ನು ಒಪ್ಪುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದೇ ತಾರೀಖು.

ಈ ಕಾದಂಬರಿಗಳ ಓದುಗರನ್ನು ಮಾತಾಡಿಸಿ ಏಮಿ ಜಾನ್ಸನ್ ಫ್ರೈಕ್‌ಹೋಮ್ ಎಂಬ ವಿದ್ವಾಂಸೆ 2004ರಲ್ಲಿ ಒಂದು ಪುಸ್ತಕ ಬರೆದರು. ಹೊರಗಿನಿಂದ ನೋಡಿದರೆ ಇವರು ಲೋಕ ಸುಡುವುದನ್ನು ಕಾಯುವ ಹುಚ್ಚರು ಅನಿಸಬಹುದು; ಹತ್ತಿರ ಹೋದರೆ ಬೇರೆ. ಅಮ್ಮ ಮಗಳಿಗೆ ಕೊಡುತ್ತಾಳೆ, ಅಕ್ಕ ತಂಗಿಗೆ ಕೊಡುತ್ತಾಳೆ, ಚರ್ಚಿನ ಗೆಳತಿಯರು ಕೈಬದಲಾಯಿಸಿಕೊಳ್ಳುತ್ತಾರೆ. ನಂಬದ ಗಂಡ, ಚರ್ಚು ಬಿಟ್ಟ ಮಗ, ಇವರ ಗತಿ ಏನು ಅನ್ನೋ ಚಿಂತೆ ಪುಟ ಪುಟಕ್ಕೂ. ಕಾದಂಬರಿಯ ಹೆಸರೇ ಹಿಂದೆ ಉಳಿದವರ ಬಗ್ಗೆ ತಾನೆ. ರಾಟರ್‌ಡ್ಯಾಮಿನ ಫ್ರೆಂಚರದ್ದೂ ಇದೇ ಚಿಂತೆ. ಹಿಂದೆ ಉಳಿದ ಅಣ್ಣ, ಮಠದಲ್ಲಿ ಕೂಡಿಹಾಕಿದ ಮಗಳು, ಹಡಗಿನ ಹುಟ್ಟಿಗೆ ಬಿದ್ದ ಚಿಕ್ಕಪ್ಪ.

ಆ ಓದುಗರಿಗೆ ಕೊನೆಗೆ ಏನಾಯಿತು? ಎಲ್ಲರಿಗೂ ಒಂದೇ ಆಗಲಿಲ್ಲ. 1698ರ ಕೊನೆಗೆ ಲೂಯಿ, ಮತ ಬಿಟ್ಟು ಬರುವವರು ಬರಬಹುದು ಅಂದ. ಹೋದವರು ಹೋದರು, ಅವರ ಬಗ್ಗೆ ಇಲ್ಲಿ ಉಳಿದವರು ಒಳ್ಳೇ ಮಾತು ಆಡಲಿಲ್ಲ. ದಕ್ಷಿಣ ಫ್ರಾನ್ಸಿನ ಬೆಟ್ಟಗಳಲ್ಲಿ ಇಸಬೋ ಹಾದಿಯ ಹುಡುಗರು 1702ರಲ್ಲಿ ಕತ್ತಿ ಹಿಡಿದು ಎರಡು ವರ್ಷ ರಾಜನ ಸೈನ್ಯವನ್ನು ಕಾಡಿದರು. ಅವರಲ್ಲಿ ಕೆಲವರು 1706ರಲ್ಲಿ ಲಂಡನ್ನಿಗೆ ಬಂದು ಅಲ್ಲೂ ಭವಿಷ್ಯ ನುಡಿದಾಗ, ನೆಲೆ ಕಂಡುಕೊಂಡಿದ್ದ ಹಳೇ ಹ್ಯೂಗೆನಾಟರು ನಾಚಿಕೆಯಿಂದ ಮುಖ ತಿರುಗಿಸಿದರು. ಇನ್ನೂರರ ಹತ್ತಿರ ಮಂದಿ ಡಚ್ ಕಂಪನಿಯ ಹಡಗು ಹತ್ತಿ ಆಫ್ರಿಕದ ತುದಿಗೆ ಆಗಲೇ ಹೋಗಿ, ದ್ರಾಕ್ಷಿ ನೆಟ್ಟು, ಫ್ರಾನ್ಸ್‌ಹುಕ್ ಅಂತ ಊರು ಕಟ್ಟಿದ್ದರು. ಮಿಕ್ಕವರು ಇಲ್ಲೇ. ಮಕ್ಕಳು ಡಚ್ಚರ ಜೊತೆ ಮಾತಾಡುತ್ತಾ ಬೆಳೆದರು, ಮನೆಯಲ್ಲಿ ಅಪ್ಪ ಅಮ್ಮ ಫ್ರೆಂಚಿನಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ. ಇದನ್ನು ನಾನು ವಿವರಿಸಬೇಕಾಗಿಲ್ಲ, ನಿಮ್ಮ ಮನೆಯಲ್ಲೇ ಕೇಳಿಸುತ್ತಿರುತ್ತೆ. 1709ರಲ್ಲಿ ಹಾಲೆಂಡ್ ಪ್ರಾಂತ ಹ್ಯೂಗೆನಾಟರನ್ನೆಲ್ಲ ಒಟ್ಟಿಗೆ ತನ್ನ ಪ್ರಜೆಗಳಾಗಿ ಮಾಡಿಕೊಂಡಿತು. 1715ರಲ್ಲಿ ಇಡೀ ಗಣರಾಜ್ಯ ಹಾಗೇ ಮಾಡಿತು. ಜ್ಯೂರಿಯೂ ಪ್ರಕಾರ ಪೋಪನ ರಾಜ್ಯ ಬೀಳಬೇಕಾಗಿದ್ದ ಕೊನೆಯ ವರ್ಷ ಅದು. ಅದೇ ವರ್ಷದ ಸೆಪ್ಟೆಂಬರ್ 1ಕ್ಕೆ 14ನೇ ಲೂಯಿ ಸತ್ತ.

ಬಾಗಿಲು ತೆರೆದದ್ದು ಬಹಳ ತಡವಾಗಿ. 1787ರಲ್ಲಿ ಫ್ರಾನ್ಸ್ ಪ್ರೊಟೆಸ್ಟೆಂಟರಿಗೆ ಮದುವೆ, ಹುಟ್ಟು, ಸಾವು ಬರೆಸಿಕೊಳ್ಳುವ ಹಕ್ಕು ಕೊಟ್ಟಿತು. 1790ರ ಡಿಸೆಂಬರ್‌ನಲ್ಲಿ ಕ್ರಾಂತಿಯ ಸಭೆ ಒಂದು ಕಾಯಿದೆ ಮಾಡಿತು: ಮತದ ಕಾರಣಕ್ಕೆ ದೇಶ ಬಿಟ್ಟವರ ಸಂತತಿ ಎಷ್ಟನೇ ತಲೆಮಾರಿನವರಾದರೂ ಫ್ರಾನ್ಸಿಗೆ ಬಂದು ನೆಲೆಸಿದರೆ ಫ್ರೆಂಚ್ ಪ್ರಜೆಗಳು. ಆ ಕಾಯಿದೆ 1945ರ ತನಕ ಜಾರಿಯಲ್ಲಿತ್ತು. ಕೆಲವರು ಹೋದರು. ಆಮ್‌ಸ್ಟರ್‌ಡ್ಯಾಮ್, ಲೈಡನ್, ಹೇಗ್‌ಗಳಲ್ಲಿದ್ದ ಮೊಮ್ಮಕ್ಕಳ ಮಕ್ಕಳಲ್ಲಿ ಹೆಚ್ಚಿನವರು ಹೋಗಲಿಲ್ಲ. ಅವರ ಫ್ರೆಂಚ್ ಹೆಸರುಗಳು ಈಗಲೂ ಇಲ್ಲಿನ ಮನೆಬಾಗಿಲುಗಳ ಮೇಲೆ ಇವೆ, ಡಚ್ಚರು ಉಚ್ಚರಿಸುವ ರೀತಿಯಲ್ಲಿ. ಹೇಗ್‌ನ ನೋರ್ಡ್‌ಐಂಡ್ ಬೀದಿಯ ಫ್ರೆಂಚ್ ಚರ್ಚಿನಲ್ಲಿ ಭಾನುವಾರದ ಆರಾಧನೆ ಇವತ್ತಿಗೂ ಫ್ರೆಂಚಿನಲ್ಲೇ ನಡೆಯುತ್ತದೆ.